ತೂಕದಣ್ಣ ಕುರ್ಚಿಯ ಮೇಲೆ ಹೊರಿಸಿದ ತಪ್ಪು

ತೂಕದಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ನೂರ ಹದಿನಾಲ್ಕು ಕಿಲೋ ತೂಗುವ ಮನುಷ್ಯನನ್ನು ಬೇರೆ ಹೆಸರಿನಿಂದ ಕರೆದರೆ ಅದು ಸುಳ್ಳು ಹೇಳಿದಂತೆ ಎಂದು ಕುರ್ಚಿ ಕಾರ್ಖಾನೆಯ ಹನ್ನೊಂದು ಮಂದಿಯೂ ತೀರ್ಮಾನಿಸಿದ್ದರು. ಅದಕ್ಕೆ ಅವನ ತಕರಾರೂ ಇರಲಿಲ್ಲ.

ಕಾರ್ಖಾನೆಯಲ್ಲಿ ಅವನಿಗೆ ಎರಡು ಕೆಲಸ. ಒಂದು, ದಬ್ಬಳ ಹಿಡಿದು ಕುರ್ಚಿಗಳಿಗೆ ಮೆತ್ತೆ ಹೊಲಿಯುವುದು. ಇನ್ನೊಂದು, ಕೂರುವುದು. ಕೂತು ತಿನ್ನುವವನು ಎಂದು ಯಾರನ್ನಾದರೂ ಬೈಯುವುದಿದ್ದರೆ ಇವನನ್ನು ಮಾತ್ರ ಬೈಯುವಂತಿರಲಿಲ್ಲ, ಏಕೆಂದರೆ ಇವನಿಗೆ ಕೂರುವುದೇ ದುಡಿಮೆ. ತಯಾರಾದ ಪ್ರತಿಯೊಂದು ಕುರ್ಚಿಯ ಮೇಲೂ ತೂಕದಣ್ಣ ಮೂರು ಸಲ ಕೂತ ಮೇಲೆಯೇ ಅದು ಹೊರಗೆ ಹೋಗಬೇಕು. ಮೊದಲ ಸಲ ಮೆಲ್ಲಗೆ, ಮನೆಗೆ ಬಂದ ನೆಂಟರ ಹಾಗೆ. ಎರಡನೇ ಸಲ ಧೊಪ್ಪನೆ, ದಣಿದು ಬಂದ ಯಜಮಾನನ ಹಾಗೆ. ಮೂರನೇ ಸಲ ಹಿಂದಕ್ಕೆ ಒರಗಿ, ಕುರ್ಚಿಯನ್ನು ಎರಡೇ ಕಾಲಿನ ಮೇಲೆ ನಿಲ್ಲಿಸಿ, ಸೊಂಟವನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು. ಕಿರ್ ಎಂದು ಸಣ್ಣ ಸದ್ದು ಬಂದರೂ ಕುರ್ಚಿ ವಾಪಸ್ಸು. ಇನ್ನೂ ಒಂದು ಕಟ್ಟಳೆ ಇತ್ತು: ಕೂರುವಾಗ ಹಿಂದೆ ತಿರುಗಿ ನೋಡುವಂತಿಲ್ಲ. ಕೊಂಡುಕೊಂಡವರು ನೋಡಿ ಕೂರುತ್ತಾರೆಯೇ? ಹಿಂದೆ ನೋಡಿ ಕೂರುವುದೆಂದರೆ ಕುರ್ಚಿ ಮಾಡಿದ ಮೇಸ್ತ್ರಿಯ ಮುಖಕ್ಕೇ ‘ನಿನ್ನ ಮೇಲೆ ನಂಬಿಕೆ ಇಲ್ಲ’ ಎಂದು ಹೇಳಿದ ಹಾಗೆ.

ಈ ಮೇಸ್ತ್ರಿ ಎಪ್ಪತ್ತರ ಹತ್ತಿರದ ಮುದುಕ. ಕಡ್ಡಿಯಂಥ ಮೈ, ಕಿವಿಯ ಹಿಂದೆ ಪೆನ್ಸಿಲ್ಲು, ಮಾತು ಕಡಿಮೆ. ತೂಕದಣ್ಣನಿಗೆ ಅವರು ಅಪ್ಪನಿಗಿಂತ ಹೆಚ್ಚು. ಅದಕ್ಕೆ ಕಾರಣವೂ ಇದೆ. ಚಿಕ್ಕಂದಿನಿಂದ ತೂಕದಣ್ಣ ಕೂರುವುದಕ್ಕೆ ಹೆದರುತ್ತಿದ್ದ. ಐದನೇ ತರಗತಿಯಲ್ಲಿ ಬೆಂಚು ಮುರಿದ. ಚಿಕ್ಕಪ್ಪನ ಮದುವೆಯಲ್ಲಿ ಬೀಗರ ಎದುರಿಗೇ ಮಡಚುವ ಕುರ್ಚಿ ಮುರಿದ. ಆಮೇಲೆ ಎಲ್ಲಿ ಹೋದರೂ ‘ಪರವಾಗಿಲ್ಲ, ನಿಂತೇ ಇರ್ತೀನಿ, ಅಭ್ಯಾಸ’ ಎನ್ನುವುದನ್ನು ಕಲಿತ. ಇಪ್ಪತ್ತಮೂರನೇ ವಯಸ್ಸಿಗೆ ಕೆಲಸ ಕೇಳಿಕೊಂಡು ಇಲ್ಲಿಗೆ ಬಂದಾಗಲೂ ಹಾಗೇ ಅಂದ. ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಒಂದು ಕುರ್ಚಿ ಎಳೆದು, “ಕೂತ್ಕೋ. ಮುರಿದ್ರೆ ತಪ್ಪು ನಂದು, ನಿಂದಲ್ಲ” ಅಂದರು. ತೂಕದಣ್ಣ ಕೂತ. ಕುರ್ಚಿ ಸುಮ್ಮನಿತ್ತು. ಮೈಭಾರ ನಾಚಿಕೆಯ ವಿಷಯವಲ್ಲ, ಅದಕ್ಕೂ ಒಂದು ಕೆಲಸವಿದೆ ಎಂದು ಅವನಿಗೆ ಗೊತ್ತಾದದ್ದು ಅವತ್ತು. ಅದಾಗಿ ಇಪ್ಪತ್ತೆರಡು ವರ್ಷವಾಯಿತು.

ಇಷ್ಟು ಒಳ್ಳೆಯ ಮನುಷ್ಯನಿಗೆ ಒಂದೇ ಒಂದು ಕೆಟ್ಟ ಚಾಳಿ, ಕೀಟಲೆ. ಅದಕ್ಕೆ ಜೊತೆಯೂ ಸಿಕ್ಕಿತ್ತು. ಪಾಲಿಶ್ ಹಚ್ಚುವ ಕೆಲಸಕ್ಕೆ ಅವನೇ ಕರೆತಂದು ಸೇರಿಸಿದ್ದು ಸ್ವಂತ ಭಾವಮೈದುನನನ್ನು, ಹೆಂಡತಿಯ ಒಬ್ಬನೇ ತಮ್ಮನನ್ನು. ಮೂವತ್ತೈದು ದಾಟಿದ್ದ, ಎರಡು ಮಕ್ಕಳ ತಂದೆ, ಬುದ್ಧಿ ಮಾತ್ರ ಹತ್ತಕ್ಕೇ ನಿಂತಿತ್ತು. ಭಾವ ಭಾವಮೈದುನರ ನಡುವೆ ತಮಾಷೆ ಇರಬೇಕಾದದ್ದೇ. ಆದರೆ ಇವರದ್ದು ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವಂಥದ್ದು. ಒಬ್ಬ ಚಪ್ಪಲಿಗೆ ಗೋಂದು ಹಾಕಿದರೆ ಇನ್ನೊಬ್ಬ ಟೋಪಿಗೆ ಮರದ ಹೊಟ್ಟು ತುಂಬುವನು.

ಯಜಮಾನಿಗೆ ಇದು ಹಿಡಿಸುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು, ನಗುವುದು ಕಡಿಮೆ, ನ್ಯಾಯಕ್ಕೆ ಗಟ್ಟಿ. ಹಿಂದಿನ ವರ್ಷ ಪ್ಯಾಕಿಂಗ್‌ನವನು ತಮಾಷೆಗೆಂದು, ಹೊಟ್ಟು ಊದುವ ಗಾಳಿ ಪೈಪನ್ನು ಡ್ರೈವರಿನ ಕಿವಿಗೆ ಹಿಡಿದಿದ್ದ. ತಮಟೆ ಹರಿದು ಡ್ರೈವರ್ ಒಂದೂವರೆ ತಿಂಗಳು ಎಲ್ಲದಕ್ಕೂ ‘ಆಂ? ಆಂ?’ ಎನ್ನುತ್ತಾ ಓಡಾಡಿದ. ಪ್ಯಾಕಿಂಗ್‌ನವನು ಮನೆಗೆ ಹೋದ. ಮಾರನೇ ದಿನವೇ ಬಾಗಿಲ ಪಕ್ಕ ಒಂದು ನೋಟಿಸು ಬಂತು: ‘ಕೆಲಸದ ಜಾಗದಲ್ಲಿ ಹುಡುಗಾಟ ಆಡಿ ಇನ್ನೊಬ್ಬರಿಗೆ ಗಾಯ ಮಾಡಿದವರು ನಾಳೆಯಿಂದ ಬರುವುದು ಬೇಡ.’ ಭಾವ ಭಾವಮೈದುನ ಇಬ್ಬರೂ ಅದನ್ನು ಓದಿದರು, ತಲೆ ಆಡಿಸಿದರು. ನಾಯಿ ಬಾಲ ಡೊಂಕೇ.

ಒಂದು ಸೋಮವಾರ ತೂಕದಣ್ಣ ಭಾವಮೈದುನನ ಕೆಲಸದ ಅಂಗಿಯ ಎರಡೂ ತೋಳಿನ ತುದಿಯನ್ನು ಮೆತ್ತೆಯ ದಾರದಿಂದ ಜೋಡಿ ಹೊಲಿಗೆ ಹಾಕಿ ಮುಚ್ಚಿಬಿಟ್ಟ. ಅವಸರದಲ್ಲಿ ಕೈ ತೂರಿಸಿದ ಭಾವಮೈದುನ ಬಿಡಿಸಿಕೊಳ್ಳಲು ಹೋಗಿ ಪಾಲಿಶ್ ಡಬ್ಬಕ್ಕೆ ಡಿಕ್ಕಿ ಹೊಡೆದ. ತಲೆಯ ಮೇಲೆ ಸುರಿದ ಪಾಲಿಶ್ ಯಾವ ಎಣ್ಣೆಗೂ ಬಿಡಲಿಲ್ಲ, ಕೊನೆಗೆ ತಲೆ ಬೋಳಿಸಬೇಕಾಯಿತು. ಕಾರ್ಖಾನೆಗೆ ಕಾರ್ಖಾನೆಯೇ ಹೊಟ್ಟೆ ಹಿಡಿದು ನಕ್ಕಿತು. ಭಾವಮೈದುನ ಬೋಳು ತಲೆ ಸವರಿಕೊಂಡು, “ಇರಲಿ ಭಾವ, ನಂಗೂ ಒಂದು ಕಾಲ ಬರುತ್ತೆ” ಅಂದ.

ಕಾಲ ಗುರುವಾರವೇ ಬಂತು. ಹೋಟೆಲೊಂದಕ್ಕೆ ನಲವತ್ತು ಊಟದ ಕುರ್ಚಿಗಳು ತಯಾರಾಗಿದ್ದವು. ಮರದ ಲಾರಿ ಬಂದದ್ದರಿಂದ ಉಳಿದವರೆಲ್ಲ ಗೇಟಿನ ಹತ್ತಿರ ಇಳಿಸುತ್ತಿದ್ದರು. ಒಳಗೆ ತೂಕದಣ್ಣ ಮೊದಲನೇ ಕುರ್ಚಿಯ ಮುಂದೆ ನಿಂತು, ಎಂದಿನಂತೆ ಎದುರು ಗೋಡೆಯ ಗಡಿಯಾರ ನೋಡುತ್ತಾ ಒಂದು ಸಲ ಕೂತೆದ್ದ. ಎರಡನೆಯ ಸಲ, ಆ ಧೊಪ್ಪನೆಯ ಸಲ, ಭಾವಮೈದುನ ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಬಂದು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದ.

ನೂರ ಹದಿನಾಲ್ಕು ಕಿಲೋ ಸಿಮೆಂಟು ನೆಲಕ್ಕೆ ಬಿತ್ತು. ಮೊದಲು ಇಬ್ಬರೂ ನಕ್ಕರು, ಬಿದ್ದವನೂ ನಕ್ಕ. ಆಮೇಲೆ ಅವನು ಏಳಲು ನೋಡಿದ. ಬೆನ್ನಿನ ತುದಿಯಿಂದ ನೆತ್ತಿಯವರೆಗೆ ಕಾದ ಕಬ್ಬಿಣ ಎಳೆದ ಹಾಗಾಗಿ ಬಾಯಿಂದ ಬಂದ ಕೂಗಿಗೆ ಗೇಟಿನಲ್ಲಿದ್ದವರು ಮರದ ದಿಮ್ಮಿ ಬಿಟ್ಟು ಓಡಿಬಂದರು.

“ಹೇಗೆ ಬಿದ್ದೆ?” ಯಜಮಾನಿ ಕೇಳಿದಳು.

ತೂಕದಣ್ಣ ಕಣ್ಣೆತ್ತಿದ. ಭಾವಮೈದುನ ಕಂಬಕ್ಕೆ ಒರಗಿ ನಿಂತಿದ್ದ, ಮುಖದಲ್ಲಿ ರಕ್ತವೇ ಇಲ್ಲ. ಅವನ ಎರಡು ಮಕ್ಕಳು, ತನ್ನ ಹೆಂಡತಿ, ಬಾಗಿಲ ಪಕ್ಕದ ನೋಟಿಸು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನೋವಿನಲ್ಲಿ ಯೋಚನೆಗೆ ಎಡೆಯೆಲ್ಲಿ? ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟ.

“ಕುರ್ಚಿ... ಕುರ್ಚಿ ಕಾಲು ಸರಿ ಇರ್ಲಿಲ್ಲ ಅನ್ಸುತ್ತೆ ಅಮ್ಮಾ. ಜಾರಿಬಿಡ್ತು.”

ಬೇರೆ ಎಲ್ಲಾದರೂ ಆಗಿದ್ದರೆ ಇದು ಯಾರಿಗೂ ಕೇಡಿಲ್ಲದ ಸುಳ್ಳು. ಮನುಷ್ಯರನ್ನು ಬಿಟ್ಟು ಕುರ್ಚಿಯ ಮೇಲೆ ಹಾಕಿದರೆ ಕುರ್ಚಿಯೇನು ಅಳುತ್ತದೆಯೇ? ಆದರೆ ಕುರ್ಚಿ ಕಾರ್ಖಾನೆಯಲ್ಲಿ ಕುರ್ಚಿಗೂ ಒಬ್ಬ ಅಪ್ಪನಿರುತ್ತಾನೆ ಎನ್ನುವುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಬಾಲದ ಮೂಳೆ ಬಿರುಕು ಬಿಟ್ಟಿದೆ, ಆರು ವಾರ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದರು. ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ, ಹಗಲೆಲ್ಲ ಬಿಗಿಹಿಡಿದ ಮಾತನ್ನು ಸಂಜೆ ಮನೆಗೆ ತಂದು ಬಿಡುವುದು ಅವಳ ರೂಢಿ. “ಬಾಲ ಬಿಚ್ಬೇಡಿ ಬಾಲ ಬಿಚ್ಬೇಡಿ ಅಂತ ಮದುವೆ ಆದಾಗಿನಿಂದ ಬಡ್ಕೊಂಡೆ. ಈಗ ನೋಡಿ, ಮೂಳೆನೇ ಬಿಚ್ಕೊಂಡಿದೆ” ಎಂದು ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಹೀಗೆ ಇಪ್ಪತ್ತೆರಡು ವರ್ಷ ಕೂತು ದುಡಿದ ಮನುಷ್ಯ ಮಂಚದ ಮೇಲೆ ಬೋರಲು ಬಿದ್ದ. ಊಟ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ. ಭಾವಮೈದುನ ಕೆಲಸ ಬಿಟ್ಟೊಡನೆ ಸೀದಾ ಬರುವನು. ಬಿಸಿನೀರಿನ ಚೀಲ ಇಡುವನು, ಕಾಲು ಒತ್ತುವನು, ತಲೆ ಬಾಚುವನು, ಕೇಳದಿದ್ದರೂ ಪೇಪರು ಓದಿ ಹೇಳುವನು. ನಾಲ್ಕನೇ ದಿನಕ್ಕೆ ಹೆಂಡತಿಯ ಎದೆ ಉಬ್ಬಿತು.

“ನೋಡಿ ನನ್ನ ತಮ್ಮನ್ನ! ನಿಮ್ಮ ಕಡೆಯವರು ಒಬ್ರಾದ್ರೂ ಹೀಗೆ ಮಾಡ್ತಾರಾ? ಭಾವ ಅಂದ್ರೆ ಪ್ರಾಣ ಬಿಡ್ತಾನೆ.”

“ಹೂಂ,” ತೂಕದಣ್ಣ ದಿಂಬಿನೊಳಕ್ಕೆ ಅಂದ, “ನನ್ನ ಪ್ರಾಣ ತಾನೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಅಕ್ಕ ಹೊಗಳಿದಷ್ಟೂ ತಮ್ಮ ಕುಗ್ಗುತ್ತಿದ್ದ. ತೂಕದಣ್ಣನಿಗೆ ಒಳಗೊಳಗೇ ಖುಷಿ. ದಿನಕ್ಕೆರಡು ಬಾರಿ ಸುಮ್ಮಸುಮ್ಮನೆ ನರಳಿ, ಬಿಸಿನೀರಿನ ಚೀಲ ಆರಿಹೋಯಿತೆಂದು ಅವನನ್ನು ಓಡಾಡಿಸುತ್ತಿದ್ದ. ಹೀಗೆ ಮೂರು ವಾರ ಚೆನ್ನಾಗಿಯೇ ಕಳೆಯಿತು.

ಮೂರನೇ ವಾರದ ಕೊನೆಗೆ, ಒಂದು ಸಂಜೆ ಮೇಸ್ತ್ರಿ ಬಂದರು. ಎಂದೂ ಯಾರ ಮನೆಗೂ ಹೋಗದ ಮನುಷ್ಯ. ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಒಂದು. ಮಂಚದ ಪಕ್ಕ ಸ್ಟೂಲ್ ಎಳೆದು ಕೂತು ಬಟ್ಟೆ ಬಿಚ್ಚಿದರು. ಕುರ್ಚಿಯ ಹಿಂಗಾಲು.

“ನೋಡು ತೂಕ. ನೀನು ಬಿದ್ದ ಕುರ್ಚೀದು ಇದು. ಅದರ ಪ್ರತಿಯೊಂದು ಜಾಯಿಂಟೂ ಬಿಚ್ಚಿ ನೋಡಿದೆ. ಏನೂ ಸಿಗಲಿಲ್ಲ. ಇರಲಿ ಅಂತ ಆ ಲಾಟಿನ ನಲವತ್ತನ್ನೂ ಬಿಚ್ಚಿದೆ. ಒಂದರಲ್ಲೂ ಸಿಗಲಿಲ್ಲ.”

“ಮೇಸ್ತ್ರಿ, ಅದು...”

“ಕೇಳು. ತಪ್ಪು ಮಾಡೋದು ದೊಡ್ಡದಲ್ಲ. ಮಾಡಿದ ತಪ್ಪು ಕಣ್ಣಿಗೆ ಕಾಣಿಸದಿದ್ರೆ ಕೈಲಿ ಉಳಿ ಹಿಡೀಬಾರದು. ನನ್ನ ಕಣ್ಣು ಹೋಗಿದೆ ಕಣೋ. ನಾಳೆ ನನ್ನ ಕೊನೇ ದಿನ ಅಂತ ಅಮ್ಮನಿಗೆ ಹೇಳಿದೀನಿ. ನೀನು ಅದರ ಮೇಲೆ ಕೂತವನು, ನಿನಗಾದ್ರೂ ಗೊತ್ತಿರುತ್ತೆ. ಎಲ್ಲಿ ಜಾರಿತು, ಹೇಳು. ಹೋಗೋ ಮುಂಚೆ ಅಷ್ಟು ತಿಳ್ಕೊಂಡು ಹೋಗ್ತೀನಿ.”

ಬಾಗಿಲಲ್ಲಿ ಭಾವಮೈದುನ ನೀರಿನ ಲೋಟ ಹಿಡಿದು ನಿಂತಿದ್ದ. ಹೇಳಿದರೆ ಇವನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವರದ್ದು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು.

“ನಂಗೂ... ಸರಿಯಾಗಿ ಗೊತ್ತಾಗ್ಲಿಲ್ಲ ಮೇಸ್ತ್ರಿ” ಅಂದ. ಅಂದ ಕೂಡಲೇ ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

ಮೇಸ್ತ್ರಿ ಕಾಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು, ನೀರನ್ನೂ ಕುಡಿಯದೆ ಹೊರಟುಹೋದರು.

“ಭಾವ, ನಾನೇ ಹೋಗಿ ಹೇಳ್ತೀನಿ.”

“ಬಾಯ್ಮುಚ್ಚೋ. ಕೆಲಸ ಕಳ್ಕೊಂಡು ಮಕ್ಕಳನ್ನ ಏನು ಮಾಡ್ತೀಯ? ಮೊದಲು ತೋಳು ಹೊಲಿದವನು ನಾನು. ಇಲ್ಲದಿದ್ರೆ ನೀನು ಕುರ್ಚಿ ಎಳೀತಾನೇ ಇರ್ಲಿಲ್ಲ.”

“ಯಾರು ಕುರ್ಚಿ ಎಳೆದದ್ದು?” ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ. ಕೈಯಲ್ಲಿ ಸೌಟು.

ಆಮೇಲಿನ ಅರ್ಧ ಗಂಟೆಯನ್ನು ವಿವರಿಸುವ ಅಗತ್ಯವಿಲ್ಲ. ಬೋರಲು ಮಲಗಿದ ಗಂಡನಿಗೆ ಓಡಲು ಆಗದು, ಅಕ್ಕನ ಎದುರು ಓಡುವ ಧೈರ್ಯ ತಮ್ಮನಿಗಿರಲಿಲ್ಲ. ಮಾತೆಲ್ಲ ಮುಗಿದು, ಸೌಟು ಕೆಳಗಿಟ್ಟ ಮೇಲೆ ಅವಳು ತಣ್ಣಗೆ ಹೇಳಿದಳು: “ಎಳೆದದ್ದಕ್ಕೆ ಇವನನ್ನ ಕ್ಷಮಿಸ್ತೀನಿ, ಹುಟ್ಟಾ ಕತ್ತೆ. ಆ ವಯಸ್ಸಾದವರನ್ನ ಹಾಗೆ ಕಳಿಸಿದ್ರಲ್ಲ, ಅದಕ್ಕೆ ನಿಮ್ಮನ್ನ ಕ್ಷಮಿಸಲ್ಲ ರೀ. ಬೆಳಿಗ್ಗೆ ಮೂರು ಜನಾನೂ ಹೋಗೋಣ.”

ಆಟೋದಲ್ಲಿ ಕೂರುವಂತಿಲ್ಲವಾದ್ದರಿಂದ ಕಾರ್ಖಾನೆಗೆ ನಡೆದೇ ಹೊರಟರು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ತೂಕದಣ್ಣ ಒಂದು ಕೈ ಹೆಂಡತಿಯ ಹೆಗಲ ಮೇಲೆ, ಇನ್ನೊಂದು ಭಾವಮೈದುನನ ಹೆಗಲ ಮೇಲೆ ಹಾಕಿದ್ದ. ಇಬ್ಬರೂ ಒಂದೊಂದು ಇಂಚು ಗಿಡ್ಡವಾದಂತೆ ಕಾಣುತ್ತಿದ್ದರು.

ಒಳಗೆ ಮೇಸ್ತ್ರಿ ತಮ್ಮ ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಇಡುತ್ತಿದ್ದರು. ಗೋಡೆಯುದ್ದಕ್ಕೂ ಬಿಚ್ಚಿಟ್ಟ ನಲವತ್ತು ಕುರ್ಚಿಗಳ ಕೈಕಾಲು ಒಟ್ಟಿದ್ದವು. ತೂಕದಣ್ಣ ಯಜಮಾನಿಯನ್ನು ಕರೆಸಿ, ಎಲ್ಲರ ಎದುರು, ತೋಳು ಹೊಲಿದದ್ದರಿಂದ ಹಿಡಿದು ಒಂದೂ ಬಿಡದೆ ಹೇಳಿದ. ಭಾವಮೈದುನ, “ಎಳೆದದ್ದು ನಾನೇ ಅಮ್ಮಾ” ಎಂದು ತಲೆ ತಗ್ಗಿಸಿದ.

ಯಜಮಾನಿ ನೋಟಿಸಿನ ಕಡೆ ಕೈ ತೋರಿಸಿದಳು.

ಮೇಸ್ತ್ರಿ ಮಾತ್ರ ಉಳಿ ಒರೆಸುವುದನ್ನು ನಿಲ್ಲಿಸಲಿಲ್ಲ. ತಲೆಯೆತ್ತಿ ಸಣ್ಣಗೆ ನಕ್ಕರು.

“ನಿಮ್ಮಿಬ್ಬರ ಮನಸ್ಸು ದೊಡ್ಡದು ಕಣ್ರೋ. ಮುದುಕ ನೊಂದ್ಕೊಂಡು ಹೋಗ್ಬಾರ್ದು ಅಂತ ಮನೇಲಿ ಕೂತು ಕಥೆ ಕಟ್ಕೊಂಡು ಬಂದಿದೀರಿ. ನಿನ್ನೆ ಕೇಳಿದಾಗ ಗೊತ್ತಾಗ್ಲಿಲ್ಲ ಅಂದವನಿಗೆ ಇವತ್ತು ಎಲ್ಲ ಗೊತ್ತಾಗಿಬಿಡ್ತಾ? ನನಗೋಸ್ಕರ ಈ ಬೋಳುತಲೆ ಕೆಲಸ ಕಳ್ಕೋಬೇಕಾಗಿಲ್ಲ.”

“ದೇವರಾಣೆಗೂ ಮೇಸ್ತ್ರಿ!” ಅಂದ ತೂಕದಣ್ಣ.

“ನಿನ್ನ ಆಣೆ ಗೊತ್ತಪ್ಪ. ಚಪ್ಪಲಿಗೆ ಗೋಂದು ಹಾಕಿದ್ದು ನಾನಲ್ಲ ಅಂತಾನೂ ಆಣೆ ಹಾಕಿದ್ದೆ.”

ಮಾಡಿದ್ದುಣ್ಣೋ ಮಾರಾಯ. ಇಷ್ಟು ವರ್ಷ ಎಲ್ಲರನ್ನೂ ನಂಬಿಸಿ ನಗಿಸಿದವನ ನಿಜವನ್ನು ಬೇಕಾದ ದಿನ ಕೇಳುವವರೇ ಇಲ್ಲ. ಇದು ನಿಜವೇ ಎಂದು ಹೆಂಡತಿ ಹೇಳಿದಳು, ಭಾವಮೈದುನ ಅತ್ತ. ಮೇಸ್ತ್ರಿ ಚೀಲದ ಬಾಯಿಗೆ ದಾರ ಎಳೆದರು.

ತೂಕದಣ್ಣ ಸುತ್ತ ನೋಡಿದ. “ಮೇಸ್ತ್ರಿ, ಒಂದೇ ಒಂದು ಕೇಳ್ತೀನಿ. ಆ ಕುರ್ಚಿ ಜೋಡಿಸಿ ಕೊಡಿ. ಗೋಂದು ಹಾಕ್ಬೇಡಿ. ಮೊಳೆ ಬೇಡ. ಬರೀ ಮರಕ್ಕೆ ಮರ.”

“ಯಾಕೆ?”

“ಜೋಡಿಸಿ.”

ಗೋಂದಿಲ್ಲದ ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಮಕ್ಕಳನ್ನೂ ಕೂರಿಸುವುದಿಲ್ಲ. ಆದರೂ ಮೇಸ್ತ್ರಿ ಚೀಲ ಬಿಚ್ಚಿ ಮರದ ಕೊಡತಿ ತೆಗೆದರು. ಒಂದೊಂದು ಕಾಲನ್ನೂ ಅದರದರ ತೂತಿಗೆ ಕೂರಿಸಿ ಮೆಲ್ಲಗೆ ತಟ್ಟಿದರು. ಹತ್ತು ನಿಮಿಷದಲ್ಲಿ ಕುರ್ಚಿ ನಿಂತಿತು.

ತೂಕದಣ್ಣ ಅದಕ್ಕೆ ಬೆನ್ನು ಕೊಟ್ಟು ನಿಂತಾಗ ಎಲ್ಲರಿಗೂ ವಿಷಯ ತಿಳಿಯಿತು. “ರೀ! ಡಾಕ್ಟ್ರು ಏನಂದಿದಾರೆ!” ಎಂದು ಹೆಂಡತಿ ಕೂಗುವಷ್ಟರಲ್ಲಿ ಅವನು ಕೂತಾಗಿತ್ತು. ಮೆಲ್ಲಗೆ. ಆದರೂ ಕಣ್ಣಲ್ಲಿ ನಕ್ಷತ್ರ ಕಂಡಿತು. ಎದ್ದ. ಭಾವಮೈದುನ ಕೈ ಹಿಡಿದು, “ಸಾಕು ಭಾವ, ಸಾಕು” ಅಂದ. ಅವನನ್ನು ಪಕ್ಕಕ್ಕೆ ತಳ್ಳಿ ಎರಡನೇ ಸಲ ಧೊಪ್ಪನೆ ಕೂತ. ಈ ಸಲ ಬಂದ ಕೂಗಿಗೆ ಎದುರು ಅಂಗಡಿಯವನು ಬಾಗಿಲಿಗೆ ಬಂದು ಇಣುಕಿದ. ಬೆವರು ಒರೆಸಿಕೊಂಡು ತೂಕದಣ್ಣ ಮತ್ತೆ ಎದ್ದ. ಮೂರನೇ ಸಲ ಕೂತು, ಹಿಂದಕ್ಕೆ ಒರಗಿ, ಎರಡೇ ಕಾಲಿನ ಮೇಲೆ ಕುರ್ಚಿ ನಿಲ್ಲಿಸಿ, ಹಲ್ಲು ಕಚ್ಚಿ ಸೊಂಟವನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಕಿರುಚಿದ್ದು ಅವನೊಬ್ಬನೇ. ಗೋಂದಿಲ್ಲ, ಮೊಳೆಯಿಲ್ಲ, ಮೇಲೆ ನೂರ ಹದಿನಾಲ್ಕು ಕಿಲೋ, ಕುರ್ಚಿ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ.

“ಗೋಂದಿಲ್ದೆ ಜಾರದ್ದು,” ತೂಕದಣ್ಣ ಮೇಲುಸಿರಿನಲ್ಲಿ ಅಂದ, “ಗೋಂದು ಹಾಕಿದಾಗ ಜಾರುತ್ತಾ ಮೇಸ್ತ್ರಿ?”

ಮೇಸ್ತ್ರಿ ಕೊಡತಿ ಕೆಳಗಿಟ್ಟರು. ಬಂದು ಕುರ್ಚಿಯ ಪಕ್ಕ ಮಂಡಿಯೂರಿ, ಜಾಯಿಂಟಿನ ಮೇಲೆ ಉಗುರು ಎಳೆದು ನೋಡಿದರು. ಉಗುರಿಗೂ ಸಂದಿ ಸಿಗಲಿಲ್ಲ. ಅವರ ಗಲ್ಲ ಅದುರಿತು. ಮರುಕ್ಷಣವೇ ಎದ್ದು, “ಲೋ ಬೋಳುತಲೆ!” ಎಂದು ಕೊಡತಿ ಎತ್ತಿಕೊಂಡದ್ದೇ ತಡ, ಭಾವಮೈದುನ ಕುರ್ಚಿಕಾಲುಗಳ ರಾಶಿ ಹಾರಿ ಓಡಿದ. ಎಪ್ಪತ್ತರ ಮುದುಕ ಅವನನ್ನು ಎರಡು ಸುತ್ತು ಅಟ್ಟಿಸಿಕೊಂಡು ಹೋದದ್ದನ್ನು ನೋಡಿ, ನಗುವುದೇ ಅಪರೂಪವಾದ ಯಜಮಾನಿಯೂ ನಕ್ಕಳು.

“ಅಮ್ಮಾ,” ಮೇಸ್ತ್ರಿ ಏದುಸಿರು ಬಿಡುತ್ತಾ ಅಂದರು, “ನಿಮ್ಮ ನೋಟಿಸು ನಿಮ್ಮದು, ನಾನು ಅಡ್ಡ ಬರಲ್ಲ. ಆದ್ರೆ ಈ ನಲವತ್ತು ಕುರ್ಚಿ ಜೋಡಿಸಿ, ಹೊಸದಾಗಿ ಪಾಲಿಶ್ ಹೊಡೆಯೋಕೆ ನನಗೊಬ್ಬ ಬೇಕು. ಇವನನ್ನ ನನ್ನ ಬೆಂಚಿಗೆ ಕೊಡಿ. ಕುರ್ಚಿ ಎಳೆಯೋ ಕೈಗೆ ಬಿಡುವು ಸಿಗದ ಹಾಗೆ ನೋಡ್ಕೋತೀನಿ.”

“ಸಂಬಳವಿಲ್ಲದೆ ಹದಿನೈದು ದಿನ ಮನೇಲಿರಲಿ,” ಯಜಮಾನಿ ಯೋಚಿಸಿ ಹೇಳಿದಳು. “ಆಮೇಲೆ ನಿಮ್ಮ ಬೆಂಚು. ಇನ್ನೊಂದು ಸಲ ಏನಾದ್ರೂ ಆದ್ರೆ...”

“ಅಮ್ಮಾ,” ತೂಕದಣ್ಣ ಗೋಗರೆದ, “ಮಾತುಕತೆ ಆಮೇಲೆ ಆಗಲಿ. ಯಾರಾದ್ರೂ ನನ್ನನ್ನ ಎಬ್ಬಿಸ್ರೋ!”

ಹೆಂಡತಿ ಮುಂದೆ ಬಂದಳು. ಮೇಸ್ತ್ರಿ ಕೈ ಅಡ್ಡ ಹಿಡಿದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕನ್ನಡಕ ಮೂಗಿಗೇರಿಸಿ, ಮತ್ತೆ ನೆಲಕ್ಕೆ ಬಗ್ಗಿದ್ದರು. ಮೂರು ವಾರದಿಂದ ಮುದುಡಿದ್ದ ಮುಖ ಹಬ್ಬದ ಹುಡುಗನ ಮುಖವಾಗಿತ್ತು.

“ಇರಮ್ಮಾ, ಒಂದೇ ನಿಮಿಷ. ಭಾರ ಇರುವಾಗ್ಲೇ ಎಡಗಾಲು ನೋಡ್ಬಿಡ್ತೀನಿ. ಎಷ್ಟು ಚೆನ್ನಾಗಿ ಕೂತಿದೆ ನೋಡ್ರೋ, ಬನ್ನಿ, ಎಲ್ಲ ನೋಡಿ.”

ಹನ್ನೊಂದು ಮಂದಿಯೂ ಬಗ್ಗಿದರು. ತೂಕದಣ್ಣ ಕಣ್ಣೀರು ಸುರಿಸುತ್ತಾ, ಮೇಸ್ತ್ರಿಗೆ ಸಾಕಾಗುವವರೆಗೂ ಕೂತೇ ಇದ್ದ.